ಮೈ ಮ್ಯಾಲ ಖಬರು

“ಡೇಟ್ ಹತ್ರ ಇದೆಯಾ?”

ಟೇಪನ್ನು ನನ್ನ ಎದೆ ಸುತ್ತ ತಂದು, ಅದರೊಳಗೆ ಎರಡು ಬೆರಳು ತೂರಿಸಿಕೊಂಡು ಟೈಲರಕ್ಕ ಕೇಳಿದರು. ಮದುವೆ ಡೇಟು ಕೇಳುತ್ತಿದ್ದಾರೆ ಅಂದುಕೊಂಡು, “ಇಲ್ಲ, ಇನ್ನೂ ಹದಿನೈದು ದಿನ ಇದೆ, ಅರ್ಜೆಂಟಿಲ್ಲ” ಅಂದೆ. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆದು ನಕ್ಕರು. “ಮದುವೇದಲ್ಲ ಮೇಡಂ, ನಿಮ್ಮದು.”

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಇನ್ನು ಮೂರು ದಿನ.

“ಅದಕ್ಕೇ ಮತ್ತೆ. ಹೋದ ಸಲಕ್ಕಿಂತ ಮುಕ್ಕಾಲು ಇಂಚು ಜಾಸ್ತಿ ತೋರಿಸ್ತಿದೆ. ಮದುವೆ ಹೊತ್ತಿಗೆ ಇಳಿದಿರುತ್ತೆ. ಹಳೇ ಅಳತೆಗೇ ಹೊಲಿದು ಒಳಗೆ ಬಟ್ಟೆ ಬಿಟ್ಟಿರ್ತೀನಿ, ಬಿಗಿ ಅನ್ನಿಸಿದ್ರೆ ಬಿಚ್ಚಿಕೊಳ್ಳಿ.”

ಬೆಂಗಳೂರಿನ ವಿಜಯನಗರದ ಹತ್ತಡಿ ಅಂಗಡಿಯಲ್ಲಿ ವರ್ಷಗಟ್ಟಲೆ ಹೆಂಗಸರ ಮೈ ಅಳೆದ ಕೈ ಅದು. ಇವತ್ತು ಮೋಡ ಇದೆ, ಬಟ್ಟೆ ಒಣಗಲ್ಲ ಅನ್ನುವಷ್ಟೇ ಸಲೀಸಾಗಿ ಹೇಳಿ ಮುಂದಿನ ಅಳತೆಗೆ ಹೋಯಿತು. ನಾನು ಮಾತ್ರ ‘ಮುಕ್ಕಾಲು ಇಂಚು’ ಅನ್ನೋದು ಕಿವಿಗೆ ಬಿದ್ದ ತಕ್ಷಣ ಹೊಟ್ಟೆ ಒಳಗೆ ಎಳೆದುಕೊಂಡು ನಿಂತಿದ್ದೆ. ಎದೆ ಅಳೆಯುವಾಗ ಹೊಟ್ಟೆ ಎಳೆದುಕೊಂಡು ಏನು ಸಾಧಿಸಬೇಕೆಂದಿದ್ದೆನೋ!

ನನಗೀಗ 41. ಮುನ್ನೂರಕ್ಕೂ ಹೆಚ್ಚು ಸಲ ಮುಟ್ಟಾಗಿದ್ದೇನೆ. ತಿಂಗಳಿಗೊಮ್ಮೆ ನನ್ನ ಮೈ ಉಬ್ಬುತ್ತದೆ, ಇಳಿಯುತ್ತದೆ ಅನ್ನುವ ಸುದ್ದಿ ಟೈಲರ ಕೈಗೆ ತಲುಪಿತ್ತು, ನನಗೆ ತಲುಪಿರಲಿಲ್ಲ.

ನಮ್ಮ ಬಾಗಲಕೋಟೆ ಕಡೆ ಸುದ್ದಿಗೆ ಖಬರು ಅನ್ನುತ್ತಾರೆ. ಎಚ್ಚರಕ್ಕೂ ಅದೇ ಮಾತು. ಕುಡಿದು ಬಿದ್ದವನಿಗೆ ‘ಖಬರಿಲ್ಲ’, ಹೆಣ್ಣುಮಕ್ಕಳಿಗೆ ‘ಮೈ ಮ್ಯಾಲ ಖಬರಿರಲಿ’. ನಾನು ಬೆಳೆದದ್ದೇ ಈ ಎರಡನೇ ಮಾತಿನ ಕೆಳಗೆ. ಕಟ್ಟೆ ಮೇಲೆ ಕಾಲಗಲಿಸಿ ಕೂತರೆ, ಕುಂಟಬಿಲ್ಲಿ ಆಡುವಾಗ ಲಂಗ ಮೊಣಕಾಲು ದಾಟಿದರೆ, ಅಜ್ಜಿಯ ದನಿ ಪಡಸಾಲೆಯಿಂದ ಬರುತ್ತಿತ್ತು: “ಖಬರಗೇಡಿ! ಮೈ ಮ್ಯಾಲ ಖಬರ ಐತೇನ ನಿನಗ?” ಹದಿಮೂರು ದಾಟಿದ ಮೇಲೆ ಖಬರಿನ ಜಾಗ ಲಂಗದ ಹಿಂಭಾಗಕ್ಕೆ ಬದಲಾಯಿತು. ಸಾಲಿಯಲ್ಲಿ ಬೆಂಚಿನಿಂದ ಏಳುವ ಮೊದಲು ಪಕ್ಕದವಳಿಗೆ ಪಿಸುಗುಟ್ಟುವುದು, “ಹಿಂದ ಸ್ವಲ್ಪ ನೋಡ.” ಅವಳು ನೋಡಿ ತಲೆಯಾಡಿಸುವುದು. ನಮ್ಮ ಇಡೀ ಹೈಸ್ಕೂಲಿನ ಗೆಳೆತನ ಈ ಒಂದು ಸೇವೆಯ ಮೇಲೆ ನಿಂತಿತ್ತು ಅಂದರೂ ತಪ್ಪಿಲ್ಲ.

ಈ ಖಬರೆಲ್ಲ ಬೇರೆಯವರ ಕಣ್ಣಿಗೆ ಸಂಬಂಧಿಸಿದ್ದು. ಮೈ ಹೇಗೆ ಕಾಣುತ್ತಿದೆ, ಏನು ಕಾಣಬಾರದು, ಎಲ್ಲಿ ಕಾಣಬಾರದು. ಒಳಗಿನಿಂದ ಅದು ಏನು ಹೇಳುತ್ತಿದೆ ಅಂತ ಯಾರೂ ಕೇಳಲಿಲ್ಲ. ಅದೂ ಮಾತಾಡುತ್ತದೆ ಅಂತ ನನಗಾದರೂ ಏನು ಗೊತ್ತಿತ್ತು?

1997ರ ಶ್ರಾವಣದಲ್ಲಿ ನಾನು ಕಡಿಗ್ಯಾದೆ, ಅಂದರೆ ದೊಡ್ಡವಳಾದೆ. ಖಬರು ಓಣಿ ತುಂಬ ಹೋಯಿತು. ಹಸಿರು ಸೀರೆ ಉಡಿಸಿ, ಮಂಟಪದಲ್ಲಿ ಕೂರಿಸಿ, ಆರತಿ ಎತ್ತಿ, ಕೊಬ್ಬರಿ, ಉತ್ತತ್ತಿ, ಅಂಟಿನುಂಡಿ ತಿನ್ನಿಸಿದರು. ಅಂಟಿನುಂಡಿ ನಿಜಕ್ಕೂ ಇಷ್ಟವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಂದ ಒಬ್ಬೊಬ್ಬ ಹೆಂಗಸೂ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಒಬ್ಬಾಕೆ ರೆಟ್ಟೆ ಹಿಡಿದು ನೋಡಿ, “ಕಡಿಗ್ಯಾದ್ರೂ ಮೈಯಾಗ ಏನೂ ಇಲ್ಲಲ್ಲವಾ, ಕಡ್ಡಿ ಆಗ್ಯಾಳ” ಅಂದಳು. ಸಂತೆಯಲ್ಲಿ ಬದನೆಕಾಯಿ ಹಿಚುಕಿ ನೋಡುವ ಹಾಗೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗು ಮುಂದೆ ಹತ್ತು ವರ್ಷ ನನ್ನ ರೆಟ್ಟೆಯಲ್ಲೇ ಉಳಿಯಿತು. ಪಿಯುಸಿ ಮುಗಿಯುವವರೆಗೂ ನಾನು ಗಿಡ್ಡ ತೋಳಿನ ಅಂಗಿ ತೊಡಲಿಲ್ಲ.

ಅಜ್ಜಿ ಮೂರು ದಿನ ದೂರ ಕೂರಿಸಿದಳು. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆ. ಹನ್ನೆರಡನೇ ಶತಮಾನದಲ್ಲೇ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದರು, ಅವುಗಳಲ್ಲಿ ಮುಟ್ಟಿನ ಮೈಲಿಗೆ, ಅಂದರೆ ರಜಸ್ಸೂತಕವೂ ಒಂದು ಅಂತ ಸಾಲಿಯಲ್ಲಿ ಬಸವ ಜಯಂತಿಗೆ ನಾನೇ ಭಾಷಣ ಮಾಡಿದ್ದೆ, ಬಹುಮಾನಕ್ಕೆ ಸ್ಟೀಲಿನ ಲೋಟ ತಂದಿದ್ದೆ. ಅಜ್ಜಿ ಅದೇ ಲೋಟದಲ್ಲಿ ಎತ್ತರದಿಂದ ನೀರು ಹೊಯ್ದಳು. ಬಾಚಬಾರದು, ಕಾಡಿಗೆ ಹಚ್ಚಬಾರದು, ಕನ್ನಡಿ ನೋಡಬಾರದು. ಬಾಚಣಿಗೆ, ಕಾಡಿಗೆಯ ಕಟ್ಟಳೆ ಅಜ್ಜಿಯ ಸೃಷ್ಟಿಯೇನಲ್ಲ. ಇಂದ್ರ ತನ್ನ ಬ್ರಹ್ಮಹತ್ಯೆಯ ಪಾಪವನ್ನು ಭೂಮಿಗೆ, ಮರಗಳಿಗೆ, ಹೆಂಗಸರಿಗೆ ಹಂಚಿದ ಕಥೆಯ ಜೊತೆಗೇ ತೈತ್ತಿರೀಯ ಸಂಹಿತೆಯಲ್ಲಿ ಆ ಪಟ್ಟಿ ಬರುತ್ತದೆ: ಕಾಡಿಗೆ ಹಚ್ಚಿದರೆ ಹುಟ್ಟುವ ಮಗುವಿಗೆ ಒಂದು ಕಣ್ಣು ಕುರುಡಾಗುತ್ತದೆ, ಇತ್ಯಾದಿ. ಇದರ ಹಿಂದೆ ಆರೋಗ್ಯದ ಗುಟ್ಟಿದೆ, ವಿಶ್ರಾಂತಿಯ ವಿಜ್ಞಾನವಿದೆ ಅಂತ ವಾಟ್ಸಾಪಿನಲ್ಲಿ ಬರುವ ಸಂದೇಶಗಳನ್ನು ನಾನು ಓದದೇ ಅಳಿಸುತ್ತೇನೆ. ವಿಶ್ರಾಂತಿ ಕೊಡಬೇಕಿದ್ದರೆ ಚಾಪೆ ಒಳಗೇ ಹಾಸಬಹುದಿತ್ತು. ಆದರೂ ಒಂದು ಮಾತು ನೆನಪಿದೆ. ಆ ಮೂರು ದಿನ ಕನ್ನಡಿ ಇಲ್ಲದ ಕಾರಣಕ್ಕೋ ಏನೋ, ಹೊಟ್ಟೆಯ ನೋವು ಸೊಂಟಕ್ಕಿಳಿದು ತೊಡೆಗೆ ಹೋಗುವ ದಾರಿ ನನಗೆ ಸ್ಪಷ್ಟವಾಗಿ ತಿಳಿದಿತ್ತು. ನಾಲ್ಕನೇ ದಿನ ತಲೆಗೆ ಎರೆದುಕೊಂಡು ಕನ್ನಡಿ ಮುಂದೆ ನಿಂತೆ. ಆಮೇಲೆ ಆ ದಾರಿ ಮರೆತುಹೋಯಿತು.

ಎಷ್ಟು ಮರೆತುಹೋಯಿತೆಂದರೆ, ಧಾರವಾಡದ ಹಾಸ್ಟೆಲಿನಲ್ಲಿ ಇದ್ದಾಗ ತಿಂಗಳ ನಡುವೆ ನಾಲ್ಕೈದು ದಿನ ಬಿಳಿ ಹೋಗುವುದನ್ನು ಕಂಡು ನನಗೇನೋ ದೊಡ್ಡ ರೋಗ ಅಂದುಕೊಂಡಿದ್ದೆ. ಬಿಳಿ ಹೋದರೆ ಮೈ ಕರಗುತ್ತದೆ, ಎಲುಬು ಸವೆಯುತ್ತದೆ ಅಂತ ನಾವೆಲ್ಲ ನಂಬಿದ್ದ ಕಾಲ. ಕಡ್ಡಿ ಅನ್ನಿಸಿಕೊಂಡಿದ್ದ ನನಗೆ ಇದ್ದಬದ್ದ ಮೈಯೂ ಹೀಗೆ ಹರಿದುಹೋಗುತ್ತಿದೆ ಅನ್ನುವ ಭಯ. ಆರು ತಿಂಗಳು ಯಾರಿಗೂ ಹೇಳದೆ ಮೆಂತ್ಯ ನೆನೆಸಿ ತಿಂದೆ. ಕೊನೆಗೆ ಒಬ್ಬ ಡಾಕ್ಟರಮ್ಮ, “ತತ್ತಿಯ ಬಿಳಿ ಭಾಗದಂಗ ಎಳೆ ಎಳೆ ಬರತೈತೇನು? ವಾಸನಿ, ತುರಿಕಿ ಏನೂ ಇಲ್ಲಲ್ಲ? ಹಂಗಾದ್ರ ನಿನ್ನ ಅಂಡಾಶಯ ಕೆಲಸ ಮಾಡಾಕತ್ತೈತಿ, ಅಷ್ಟ. ಮನಿಗಿ ಹೋಗು” ಅಂದರು. ಅಂಡ ಬಿಡುಗಡೆಯಾಗುವ ಮುಂಚಿನ ದಿನಗಳಲ್ಲಿ ಈಸ್ಟ್ರೋಜನ್ ಹಾರ್ಮೋನು ಏರಿ ಗರ್ಭಕೊರಳಿನ ಲೋಳೆ ತೆಳ್ಳಗೆ, ಜಾರುವಂತೆ ಆಗುತ್ತದೆ. ಮೈ ತನ್ನ ಪಾಡಿಗೆ ಖಬರು ಕಳಿಸುತ್ತಿತ್ತು. ನಾನು ಅದನ್ನು ಸಾವಿನ ತಂತಿ ಅಂತ ಓದಿಕೊಂಡಿದ್ದೆ.

ಮದುವೆ, ಬೆಂಗಳೂರು, ಹೆರಿಗೆ. ಕಡ್ಡಿ ಅನ್ನುತ್ತಿದ್ದವರೇ ‘ಚೊಲೋ ಆಗೀಯಲ್ಲ’ ಅನ್ನತೊಡಗಿದರು. ನಮ್ಮ ಕಡೆ ಚೊಲೋ ಆಗುವುದು ಅಂದರೆ ದಪ್ಪ ಆಗುವುದು. ಆ ವರ್ಷಗಳ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ನಿದ್ದೆ ಇರಲಿಲ್ಲ, ಮೈಯ ಬಗ್ಗೆ ಯೋಚಿಸಲು ಪುರುಸೊತ್ತೂ ಇರಲಿಲ್ಲ.

2020ರ ಲಾಕ್‌ಡೌನಿನಲ್ಲಿ ಆನ್‌ಲೈನಿನಿಂದ ಗಾಜಿನ ತೂಕದ ಯಂತ್ರ ತರಿಸಿದೆ. ಅದು ಮನೆಗೆ ಬಂದ ದಿನದಿಂದ ನನ್ನ ದಿನ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಬೆಳಿಗ್ಗೆ ಆರೂವರೆಗೆ ತೀರ್ಮಾನವಾಗತೊಡಗಿತು. ತಿಂಗಳಿಗೊಮ್ಮೆ, ಏನೂ ತಪ್ಪು ಮಾಡಿರದಿದ್ದರೂ, ಯಂತ್ರ ಒಂದು ಕಿಲೋ ಮುನ್ನೂರು ಗ್ರಾಂ ಹೆಚ್ಚು ತೋರಿಸುತ್ತಿತ್ತು. ಬೆರಳಿನ ಉಂಗುರ ಬಿಗಿ, ಬಳೆ ಏರುತ್ತಿರಲಿಲ್ಲ, ಚೂಡಿಯ ಲಾಡಿ ಹೊಟ್ಟೆಯ ಮೇಲೆ ಗೆರೆ ಬರೆಯುತ್ತಿತ್ತು. ಅವತ್ತಿನಿಂದ ರಾತ್ರಿ ರೊಟ್ಟಿ ಬಂದ್. ಬಿಸಿನೀರಿಗೆ ಜೀರಿಗೆ. ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಮುಟ್ಟು, ಅದಾಗಿ ಮೂರು ದಿನಕ್ಕೆ ತೂಕ ಇಳಿದಿರುತ್ತಿತ್ತು. ನೋಡು, ಊಟ ಬಿಟ್ಟಿದ್ದಕ್ಕೆ ಇಳಿಯಿತು! ಎರಡು ವರ್ಷ ಹೀಗೇ ನಂಬಿದ್ದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಅಂತಾರಲ್ಲ, ಹಾಗೆ. ನನ್ನ ವಿಷಯದಲ್ಲಿ ‘ಕಾಗೆ ಮುಟ್ಟುವುದಕ್ಕೂ’ ಅನ್ನಬೇಕು.

ಟೈಲರಕ್ಕನ ಮಾತು ಕೇಳಿ ಬಂದ ಸಂಜೆ ಹಾಲಿನ ಲೆಕ್ಕದ ಹಳೇ ನೋಟ್‌ಬುಕ್ಕಿನ ಹಿಂಬದಿಯಿಂದ ಬರೆಯಲು ಶುರುಮಾಡಿದೆ. ಆ್ಯಪ್ ಬಳಸಬಹುದಿತ್ತು, ಬಳಸಿಯೂ ನೋಡಿದೆ. ಗುಲಾಬಿ ಹೂವು ಉದುರಿಸಿ ‘ಇಂದು ನೀವು ಸೂಕ್ಷ್ಮವಾಗಿರಬಹುದು’ ಅಂತ ಹೇಳುವ ಫೋನಿನ ಜೊತೆ ನನಗೆ ಸರಿಬರಲಿಲ್ಲ. ನೋಟ್‌ಬುಕ್ಕಿನಲ್ಲಿ ಎರಡೇ ಕಂಬ. ಎಡಕ್ಕೆ ಮೈ ಹೇಗನ್ನಿಸಿತು: ಭಾರ, ಬಿಸಿ, ಹಗುರ, ಹಸಿವು, ಎದೆ ನೋವು. ಬಲಕ್ಕೆ ಕನ್ನಡಿಯಲ್ಲಿ ಹೇಗೆ ಕಂಡೆ. ಎಡಕ್ಕೆ ಬರೆಯಲು ಮೊದಲ ತಿಂಗಳು ನನಗೆ ಪದಗಳೇ ಸಿಗಲಿಲ್ಲ. ಬಲಕ್ಕೆ ಬೇಕಾದಷ್ಟಿದ್ದವು, ಎಲ್ಲ ಬೈಗುಳ.

ಏಳೆಂಟು ತಿಂಗಳು ಬರೆದ ಮೇಲೆ ಪುಟಗಳು ಮಾತಾಡತೊಡಗಿದವು. ನನ್ನ ಚಕ್ರ ಪುಸ್ತಕದಲ್ಲಿರುವ 28 ದಿನದ್ದಲ್ಲ, ಈಗ 25, 26. ವಯಸ್ಸಿಗೆ ಬಂದ ಹೆಂಗಸರಲ್ಲಿ 24ರಿಂದ 38 ದಿನ ಸಹಜ ಅಂತ ವೈದ್ಯರು ಲೆಕ್ಕ ಹಿಡಿಯುತ್ತಾರೆ. ನಲವತ್ತರ ಆಸುಪಾಸಿನಲ್ಲಿ ಅದು ಕುಗ್ಗುವುದೂ ಸಾಮಾನ್ಯ. ಆರನೇ ದಿನದಿಂದ ಹನ್ನೆರಡರವರೆಗೆ ‘ಹಗುರ’ ಅನ್ನುವ ಪದ ಸಾಲಾಗಿ ಬಂದಿತ್ತು. ಅದೇ ದಿನಗಳಲ್ಲಿ ಬಲಗಡೆ ಕಂಬ ಹೆಚ್ಚುಕಡಿಮೆ ಖಾಲಿ. ಮೈ ಚೆನ್ನಾಗಿರುವಾಗ ಕನ್ನಡಿ ನೋಡಿದ್ದೇ ನೆನಪಿರುತ್ತಿರಲಿಲ್ಲ. ಹನ್ನೆರಡು ಹದಿಮೂರಕ್ಕೆ ಕಿಬ್ಬೊಟ್ಟೆಯ ಒಂದು ಬದಿ ಚುಳುಕ್. ಜರ್ಮನರು ಇದಕ್ಕೆ ‘ನಡುವಿನ ನೋವು’ ಅಂತ ಹೆಸರಿಟ್ಟು, ಆ ಹೆಸರನ್ನೇ ಜಗತ್ತಿನ ವೈದ್ಯರೆಲ್ಲ ಬಳಸುತ್ತಾರೆ: ಮಿಟಲ್‌ಶ್ಮರ್ಜ್. ಆಮೇಲೆ ‘ಬಿಸಿ’. ಅಂಡ ಹೊರಬಿದ್ದ ಮೇಲೆ ಅದರ ಖಾಲಿ ಗೂಡು ಪ್ರೊಜೆಸ್ಟರಾನ್ ಹಾರ್ಮೋನು ಸುರಿಸುತ್ತದೆ, ಮೈಯ ಕಾವು ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿ ಮುಂದಿನ ಮುಟ್ಟಿನವರೆಗೂ ಹಾಗೇ ಇರುತ್ತದೆ. ನಮ್ಮ ಮನೆಯ ಫ್ಯಾನಿನ ಜಗಳಗಳನ್ನು ಇದರ ಪಕ್ಕ ಇಟ್ಟು ನೋಡಿದೆ. ‘ಐದಕ್ಕಿಡು’, ‘ಎರಡಕ್ಕಿಡು’ ಯುದ್ಧಗಳೆಲ್ಲ ತಿಂಗಳ ಎರಡನೇ ಅರ್ಧದಲ್ಲೇ ನಡೆದಿದ್ದವು. ಗಂಡನಿಗೆ ತೋರಿಸಿದೆ. “ಅಂದ್ರ ಆ ಹದಿನೈದು ದಿನ ತಪ್ಪು ನಂದಲ್ಲ ಅಂತಾತು” ಅಂದ. ಗಂಡಸರಿಗೆ ವಿಜ್ಞಾನ ಇಷ್ಟೇ ಸಾಕು.

ಪ್ರೊಜೆಸ್ಟರಾನ್ ಕರುಳನ್ನೂ ನಿಧಾನ ಮಾಡುತ್ತದೆ. ಅದಕ್ಕೇ ಆ ವಾರ ತಿಂದದ್ದು ಮುಂದೆ ಹೋಗದು, ಹೊಟ್ಟೆ ತಬಲಾ. ಮುಟ್ಟು ಶುರುವಾಗುತ್ತಿದ್ದ ಹಾಗೆ ಗರ್ಭಕೋಶವನ್ನು ಹಿಂಡುವ ರಾಸಾಯನಿಕಗಳಾದ ಪ್ರೊಸ್ಟಗ್ಲಾಂಡಿನ್‌ಗಳು ಪಕ್ಕದ ಕರುಳನ್ನೂ ಬಡಿದೆಬ್ಬಿಸುತ್ತವೆ. ಮೊದಲ ದಿನ ಎರಡು ಮೂರು ಸಲ ಹೊರಕಡೆ ಹೋಗುವುದು ಅದಕ್ಕೇ. ಸಾಲಿಯ ದಿನಗಳಲ್ಲಿ ಹಿಂದಿನ ದಿನ ತಿಂದ ಮಿರ್ಚಿ ಭಜಿಯನ್ನು ಎಷ್ಟು ಸಲ ಬೈದಿದ್ದೆನೋ.

ಇನ್ನು ನೀರು. ಕೆನಡಾದಲ್ಲಿ 62 ಹೆಂಗಸರು ಒಂದು ವರ್ಷ ತಮ್ಮ ಮೈ ಬಾವಿನ ಬಗ್ಗೆ ದಿನವೂ ಬರೆದಿಟ್ಟ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ನೀರು ತುಂಬಿಕೊಂಡ ಭಾವ ಅತಿ ಹೆಚ್ಚಿದ್ದದ್ದು ಮುಟ್ಟಿನ ಮೊದಲ ದಿನ. ಅದನ್ನೋದಿ ನನ್ನ ನೋಟ್‌ಬುಕ್ಕು ತೆಗೆದೆ. ಒಂದು ಕಿಲೋ ಮುನ್ನೂರು ಗ್ರಾಂ ಬರುತ್ತಿದ್ದುದು, ಹೋಗುತ್ತಿದ್ದುದು ಅದೇ ದಿನಗಳ ಆಸುಪಾಸಿನಲ್ಲಿ. ಬಂದದ್ದರಲ್ಲಿ ಹೆಚ್ಚಿನಪಾಲು ನೀರು. ರೊಟ್ಟಿಯದೇನೂ ತಪ್ಪಿರಲಿಲ್ಲ.

ಮಲಪ್ರಭೆಯ ದಂಡೆಯವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ದೊಡ್ಡವಳಾದಳು ಅನ್ನುವುದಕ್ಕೆ ಕನ್ನಡದಲ್ಲಿ ‘ಮೈ ನೆರೆದಳು’ ಅನ್ನುತ್ತೇವೆ. ನೆರೆ ಅಂದರೆ ತುಂಬುವುದು. ಹೊಳೆ ತುಂಬಿ ಊರಿಗೆ ಬರುವುದಕ್ಕೂ ನೆರೆ ಅಂತಲೇ ಹೆಸರು. 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆಯ ಊರೂರೇ ಮುಳುಗಿದಾಗ ಆ ಪದವನ್ನು ನಾವು ಎಷ್ಟು ಕೇಳಿದೆವು. ನೆರೆ ಇಳಿದ ಮೇಲೆ ಹೊಳೆಯನ್ನು ಯಾರೂ ‘ದಪ್ಪ ಆಗಿದ್ದಳು, ಈಗ ಚಂದ ಕಾಣುತ್ತಾಳೆ’ ಅನ್ನುವುದಿಲ್ಲ. ಮೈ ನೆರೆಯುವುದು ಹದಿಮೂರಕ್ಕೆ ಒಂದೇ ಸಲ ಅಂತ ಯಾಕೆ ಅಂದುಕೊಂಡೆವೋ. ನನ್ನದು ಪ್ರತಿ ತಿಂಗಳೂ ನೆರೆಯುತ್ತದೆ, ಇಳಿಯುತ್ತದೆ.

ಆದರೆ ನೀರಿನ ಲೆಕ್ಕದಿಂದ ಎಲ್ಲ ತೀರಲಿಲ್ಲ. ಬಲಗಡೆ ಕಂಬದ ಬೈಗುಳ ಒಂದು ಕಿಲೋಗೆ ಆಗುವಷ್ಟು ಇರಲಿಲ್ಲ, ಹತ್ತು ಕಿಲೋಗೆ ಆಗುವಷ್ಟಿತ್ತು. ಇದು ಅರ್ಥವಾದದ್ದು ಒಂದು ಫೋಟೋದಿಂದ. ಗೃಹಪ್ರವೇಶವೊಂದರಲ್ಲಿ ಚಿಕ್ಕಮ್ಮನ ಮಗ ತೆಗೆದದ್ದು, ನಾನು ಪಾತ್ರೆ ಹಿಡಿದು ಬಡಿಸುತ್ತಿದ್ದೇನೆ. ನೋಡಿದ ಕೂಡಲೇ ಜಗಳ ಮಾಡಿ ಅಳಿಸಿಸಿದೆ. ಸೊಂಟ, ಗಲ್ಲ, ರವಿಕೆಯಂಚಿನ ಮಡಿಕೆ, ಛೀ. ಅವನು ನನ್ನೆದುರು ಅಳಿಸಿದ್ದು ಒಂದು ಪ್ರತಿಯನ್ನು ಮಾತ್ರ. ಮೂರು ತಿಂಗಳ ಮೇಲೆ ಮನೆಯ ಗ್ರೂಪಿನಲ್ಲಿ ಅದೇ ಫೋಟೋ ಬಂತು. ಈ ಸಲ ಕಂಡದ್ದು ಇಳಕಲ್ ಸೀರೆ ಉಟ್ಟ, ನಗುತ್ತಾ ಹೋಳಿಗೆ ಬಡಿಸುತ್ತಿರುವ, ಸೊಂಟ ಇರಬೇಕಾದಲ್ಲಿ ಸೊಂಟ ಇರುವ ಒಬ್ಬ ಹೆಂಗಸು. ನೋಟ್‌ಬುಕ್ ತೆಗೆದು ನೋಡಿದೆ. ಗೃಹಪ್ರವೇಶ 24ನೇ ದಿನ, ಫೋಟೋ ಎರಡನೇ ಸಲ ಬಂದದ್ದು ಒಂಬತ್ತನೇ ದಿನ. ಫೋಟೋದಲ್ಲಿದ್ದ ನೀರು ಮೂರು ತಿಂಗಳಲ್ಲಿ ಇಳಿಯಲು ಸಾಧ್ಯವಿಲ್ಲವಲ್ಲ. ಇಳಿದದ್ದು ನನ್ನ ಕಣ್ಣಿನದು.

ಇದರ ಬಗ್ಗೆಯೂ ಅಧ್ಯಯನಗಳಾಗಿವೆ. ತೆಳ್ಳಗಿನಿಂದ ದಪ್ಪದವರೆಗಿನ ಚಿತ್ರಗಳ ಸಾಲು ತೋರಿಸಿ ‘ಇದರಲ್ಲಿ ನೀವು ಯಾರು’ ಅಂತ ಕೇಳಿದರೆ, ಮುಟ್ಟಿನ ಆಸುಪಾಸಿನ ದಿನಗಳಲ್ಲಿ ಹೆಂಗಸರು ಉಳಿದ ದಿನಗಳಿಗಿಂತ ದಪ್ಪ ಚಿತ್ರವನ್ನು ಮುಟ್ಟಿ ತೋರಿಸುವ ಒಲವು ಕಂಡಿದೆ. ಒಳಗಿನಿಂದ ಬಂದ ಖಬರು ‘ಹೊಟ್ಟೆ ಬಿಗಿದಿದೆ, ಎದೆ ನೋಯುತ್ತಿದೆ, ನಿದ್ದೆ ಕಡಿಮೆಯಾಗಿದೆ’ ಅಂತ. ಅದನ್ನು ನಾನು ‘ಕುರೂಪಿ’ ಅಂತ ಅನುವಾದ ಮಾಡಿಕೊಳ್ಳುತ್ತಿದ್ದೆ. ಮೈಯ ಬಗ್ಗೆ ನನಗೆ ಚಿಕ್ಕಂದಿನಿಂದ ಕಲಿಸಿದ್ದ ಭಾಷೆ ಅದೊಂದೇ. ಯಾವ ಸುದ್ದಿ ಬಂದರೂ ಅದರಲ್ಲೇ ಓದಬೇಕು.

ಇದನ್ನೆಲ್ಲ ತಂಗಿಗೆ ಉತ್ಸಾಹದಿಂದ ಹೇಳಿದೆ. ಅವಳಿಗೆ ಪಿಸಿಓಡಿ ಅನ್ನುವ ಅಂಡಾಶಯದ ತೊಂದರೆ, ಮುಟ್ಟು ಎರಡು ತಿಂಗಳಿಗೋ ಮೂರು ತಿಂಗಳಿಗೋ. “ನಿನಗರ ಟೈಮ್‌ಟೇಬಲ್ ಐತಿ ಅಕ್ಕ, ನನಗ ಎಕ್ಸಾಮ್ ಯಾವಾಗಂತ ಗೊತ್ತಿಲ್ಲ” ಅಂದಳು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಮುಟ್ಟಿಗೆ ಮುಂಚಿನ ವಾರದಲ್ಲಿ ಬದುಕೇ ಬೇಡ ಅನ್ನಿಸುವವರೂ ಇದ್ದಾರೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಅದನ್ನು ಪಿಎಂಡಿಡಿ ಅನ್ನುವ ಹೆಸರಿನಲ್ಲಿ ಪೂರ್ಣ ಕಾಯಿಲೆಯಾಗಿ ಸೇರಿಸಿತು, ಚಿಕಿತ್ಸೆಯೂ ಇದೆ. ಹಾಲಿನ ಲೆಕ್ಕದ ನೋಟ್‌ಬುಕ್ಕು ಅಂಥವರಿಗೆ ಸಾಲದು, ಡಾಕ್ಟರರ ಬಳಿ ಹೋಗಲೇಬೇಕು.

2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ಆಫೀಸಿನ ಊಟದ ಮೇಜಿನಲ್ಲಿ ಬಿಸಿಬಿಸಿ ಚರ್ಚೆ. ಖುಷಿಯೇ ಆಯಿತು. ಆದರೆ ನನ್ನ ನೋಟ್‌ಬುಕ್ಕಿನ ಪ್ರಕಾರ ಮುಟ್ಟಿನ ದಿನ ನಾನು ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಹೇಗೋ ಕೆಲಸ ಮಾಡಬಲ್ಲೆ. ಯಾರ ಎದುರೂ ನಿಲ್ಲಲಾಗದ ದಿನ ಅದಕ್ಕೆ ಮೂರು ದಿನ ಮುಂಚೆ ಬರುತ್ತದೆ. ಅದಕ್ಕೆ ಏನಂತ ಅರ್ಜಿ ಬರೆಯಲಿ? ‘ಕನ್ನಡಿ ಸರಿಯಿಲ್ಲದ ಕಾರಣ’?

ಆ ದಿನಗಳು ಈಗಲೂ ಬರುತ್ತವೆ. ನೋಟ್‌ಬುಕ್ಕಿನಿಂದ ಅವು ನಿಂತಿಲ್ಲ. 23ನೇ ದಿನ ಬೀರುವಿನ ಮುಂದೆ ನಿಂತು ಮೂರು ಕುರ್ತಾ ಕಿತ್ತೆಸೆಯುತ್ತೇನೆ, ನಾಲ್ಕನೆಯದನ್ನು ಹಾಕಿಕೊಳ್ಳುತ್ತೇನೆ. ತೂಕದ ಯಂತ್ರ ಮಾತ್ರ ಅಟ್ಟಕ್ಕೆ ಹೋಗಿದೆ. ಸೂಟ್‌ಕೇಸು ತೂಗಲು ಇಳಿಸುತ್ತೇವೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅವ್ವ ಅಜ್ಜಿಯ ಟ್ರಂಕು ತೆಗೆದಳು. ಅಜ್ಜಿ ಹೋಗಿ ಎಂಟು ವರ್ಷ. ಟ್ರಂಕಿನಲ್ಲಿ ಡಾಂಬರುಗುಳಿಗೆಯ ವಾಸನೆಯ ಎರಡು ಇಳಕಲ್ ಸೀರೆ, ಅಡಿಯಲ್ಲಿ ಗುಳೇದಗುಡ್ಡದ ಖಣದ ಒಂದು ಕುಪ್ಪಸ. ತಿರುಗಿಸಿ ಮುರುಗಿಸಿ ನೋಡಿದೆ. ಹುಕ್ಕಿಲ್ಲ, ಗುಂಡಿಯಿಲ್ಲ. ಮುಂದೆ ಎರಡು ತುದಿ ಬಿಟ್ಟಿದ್ದಾರೆ, ಎದೆಯ ಕೆಳಗೆ ಗಂಟು ಕಟ್ಟಿಕೊಳ್ಳುವುದು. ಗಂಟು ಬೀಳುತ್ತಿದ್ದ ಕಡೆ ಬಟ್ಟೆ ಸುಕ್ಕುಸುಕ್ಕು, ಒಂದೇ ಕಡೆಯಲ್ಲ, ಒಂದು ಬೆರಳಗಲದುದ್ದಕ್ಕೂ. 

“ಅಳತಿ ತಗೋತಿರಲಿಲ್ಲೇನ ಆಗ?” ಅಂತ ಕೇಳಿದೆ.

“ಯಾರ ಅಳತಿ ತಗೋತಾರ? ಗಂಟ ಐತೆಲ್ಲ” ಅಂದಳು ಅವ್ವ. ಕುಪ್ಪಸ ಕೈಗೆ ತಗೊಂಡು ಮಡಿಸುತ್ತಾ ಏನೋ ನೆನಪಾಗಿ ನಕ್ಕಳು. “ಒಮ್ಮೊಮ್ಮೆ ಅತ್ತಿ ಮುಂಜಾನಿ ಗಂಟ ಸಡ್ಲ ಕಟ್ಟತಿದ್ಲು. ಅದನ್ನ ನೋಡೇ ನಾ ಹಿತ್ತಲದಾಗ ಚಾಪಿ ಝಾಡಸಿ ಇಡ್ತಿದ್ದೆ. ನಾಳೆ ನಾಡದ ಕುಂಡ್ರತಾಳ ಅಂತ ಖಬರ ಆಗ್ತಿತ್ತು ನನಗ.”

“ಅಕಿಗೆ?”

“ಅಕಿಗೆ ಖಬರಿಲ್ದ ಅಕಿ ಕೈ ಸಡ್ಲ ಕಟ್ಟತಿತ್ತೇನ?”

ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಒಳಗಿನ ಕೋಣೆಗೆ ಹೋಗಿ ಅದನ್ನು ತೊಟ್ಟು ನೋಡಿದೆ. ಅಜ್ಜಿ ನನಗಿಂತ ಸಣ್ಣವಳು, ತೋಳು ಮೊಣಕೈವರೆಗೂ ಇಳಿಯಲಿಲ್ಲ. ಅವತ್ತು ನನಗೆ 24ನೇ ದಿನ. ತುದಿಗಳನ್ನು ಎಳೆದೆ, ಸ್ವಲ್ಪ ಸಡಿಲ ಬಿಟ್ಟೆ. ಗಂಟಿಗೆ ಬಟ್ಟೆ ಸಾಕಾಯಿತು.